ವಿದ್ಯುತ್ ಕಾರು ರಾತ್ರಿಯೇ, ನೆಲಮಾಳಿಗೆಯಲ್ಲೇ ಏಕೆ ಚಾರ್ಜ್ ಆಗಬೇಕು?

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಸಾಮಾನ್ಯ ಸಭೆಯಲ್ಲಿ, ನೆಲಮಾಳಿಗೆಯಲ್ಲಿ ವಿದ್ಯುತ್ ವಾಹನ ಚಾರ್ಜ್ ಮಾಡುವುದನ್ನು ಪೂರ್ತಿ ನಿಲ್ಲಿಸಬೇಕೆಂಬ ಪ್ರಸ್ತಾವ ಬಂದು, ಎರಡು ಗಂಟೆ ವಾಗ್ವಾದ ನಡೆದು, ತೀರ್ಮಾನವಾಗದೆ ಮುಂದಕ್ಕೆ ಹೋಯಿತು. ಬೆಂಗಳೂರಿನ ಅನೇಕ ವಸತಿ ಸಮುಚ್ಚಯಗಳಲ್ಲಿ ಈಗ ಇದೇ ಜಗಳ. ಮೂರು ದಶಕ ವಿದ್ಯುತ್ ವಿತರಣೆಯ ಕೆಲಸ ಮಾಡಿ ನಿವೃತ್ತನಾದ ನನಗೆ ಆ ಸಭೆಯಲ್ಲಿ ಎರಡೂ ಕಡೆಯವರು ಅರ್ಧ ಸತ್ಯವನ್ನೇ ಹಿಡಿದು ವಾದಿಸುತ್ತಿದ್ದಾರೆ ಎನ್ನಿಸಿತು. ‘ಇವು ನಡೆದಾಡುವ ಬಾಂಬುಗಳು’ ಎಂದವರೂ, ‘ಇವು ಪರಿಸರಸ್ನೇಹಿ, ತಕರಾರು ಬೇಡ’ ಎಂದವರೂ ನೋಡುತ್ತಿದ್ದುದು ವಾಹನವನ್ನು ಮಾತ್ರ. ಅದು ಎಲ್ಲಿ ನಿಂತು, ಯಾವ ಹೊತ್ತಿನಲ್ಲಿ ಚಾರ್ಜ್ ಆಗುತ್ತದೆ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಬೆಂಕಿಯ ಭಯಕ್ಕೂ ಹೊಗೆಯ ಲೆಕ್ಕಕ್ಕೂ ಉತ್ತರ ಬಹುಮಟ್ಟಿಗೆ ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಬೆಂಕಿಯ ಮಾತು. ಸ್ವೀಡನ್ನಿನ ನಾಗರಿಕ ರಕ್ಷಣಾ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಆ ದೇಶದ ಸುಮಾರು 6.11 ಲಕ್ಷ ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳ ಪೈಕಿ ಬೆಂಕಿಗೆ ತುತ್ತಾದವು 23, ಅಂದರೆ ಲಕ್ಷಕ್ಕೆ ನಾಲ್ಕಕ್ಕೂ ಕಡಿಮೆ. ಎಲ್ಲ ಬಗೆಯ ಕಾರುಗಳನ್ನು ಸೇರಿಸಿ ನೋಡಿದರೆ ಲಕ್ಷಕ್ಕೆ 68. ವಿದ್ಯುತ್ ಕಾರುಗಳು ಇನ್ನೂ ಹೊಸವು, ಹಳೆಯ ಪೆಟ್ರೋಲ್ ಕಾರುಗಳೊಂದಿಗೆ ಅವನ್ನು ತೂಗುವುದು ಪೂರ್ತಿ ನ್ಯಾಯವಲ್ಲ ಎಂಬುದನ್ನು ಒಪ್ಪಿಕೊಂಡರೂ ಅಂತರ ಸಣ್ಣದಲ್ಲ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲೂಟನ್ ವಿಮಾನ ನಿಲ್ದಾಣದ ಬಹುಮಹಡಿ ನಿಲುಗಡೆ ತಾಣದಲ್ಲಿ ಸಾವಿರಕ್ಕೂ ಹೆಚ್ಚು ವಾಹನಗಳು ಸುಟ್ಟುಹೋದಾಗ ವಿದ್ಯುತ್ ಕಾರಿನಿಂದಲೇ ಬೆಂಕಿ ಹೊತ್ತಿತೆಂದು ಜಗತ್ತೆಲ್ಲ ಸುದ್ದಿ ಹರಡಿತ್ತು. ಬೆಂಕಿ ಶುರುವಾದದ್ದು ಒಂದು ಡೀಸೆಲ್ ವಾಹನದಲ್ಲಿ ಎಂದು ಅಲ್ಲಿನ ಅಗ್ನಿಶಾಮಕ ದಳ ತಿಳಿಸಿತು.

ಆದರೆ ಅಪರೂಪಕ್ಕೆ ಹೊತ್ತಿಕೊಳ್ಳುತ್ತದೆ ಎಂಬ ಮಾತ್ರಕ್ಕೆ ಸುಲಭವಾಗಿ ಆರುತ್ತದೆ ಎಂದಲ್ಲ. ಲಿಥಿಯಂ ಬ್ಯಾಟರಿಯ ಒಂದು ಸೆಲ್ ಒಳಗಿನ ದೋಷದಿಂದಲೋ ಪೆಟ್ಟಿನಿಂದಲೋ ಮಿತಿಮೀರಿ ಬಿಸಿಯಾದರೆ, ಆ ಬಿಸಿಯೇ ಒಳಗಿನ ರಾಸಾಯನಿಕ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸಿ, ಪಕ್ಕದ ಸೆಲ್ಲಿಗೂ ಅದರ ಪಕ್ಕದ್ದಕ್ಕೂ ದಾಟುತ್ತ ಹೋಗುತ್ತದೆ. ಹೊರಗಿನಿಂದ ಗಾಳಿ ತಡೆದರೆ ಇದು ನಿಲ್ಲುವುದಿಲ್ಲ. ನೀರು ಸುರಿದು ತಣಿಸುತ್ತಲೇ ಇರಬೇಕು. ಟೆಸ್ಲಾ ಕಂಪನಿ ತುರ್ತು ಸೇವೆಯವರಿಗೆ ಕೊಟ್ಟಿರುವ ಕೈಪಿಡಿಯಲ್ಲಿ ಒಂದು ಕಾರಿಗೆ ಸುಮಾರು 11 ಸಾವಿರದಿಂದ 30 ಸಾವಿರ ಲೀಟರ್ ನೀರು ಬೇಕಾಗಬಹುದೆಂದಿದೆ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 6 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳುವುದಾದರೆ ಎರಡರಿಂದ ಐದು ಟ್ಯಾಂಕರ್. ಆರಿತೆಂದುಕೊಂಡ ಬೆಂಕಿ ಗಂಟೆಗಳ ಅಥವಾ ದಿನಗಳ ಮೇಲೆ ಮತ್ತೆ ಹೊತ್ತಿಕೊಂಡ ಉದಾಹರಣೆಗಳೂ ಇವೆ. ತೆರೆದ ಬಯಲಿನಲ್ಲಾದರೆ ಒಂದು ಕಾರು ಹೋಯಿತು ಎಂದು ಸುಮ್ಮನಾಗಬಹುದು. ನೆಲಮಾಳಿಗೆಯಲ್ಲಿ ಹೊಗೆಗೆ ದಾರಿಯಿಲ್ಲ, ಅಗ್ನಿಶಾಮಕ ವಾಹನಕ್ಕೆ ಸೂರಿನ ಎತ್ತರ ಸಾಲದು.

2024ರ ಆಗಸ್ಟ್ 1ರಂದು ದಕ್ಷಿಣ ಕೊರಿಯಾದ ಇಂಚಾನ್ ನಗರದಲ್ಲಿ ಆದದ್ದು ಇದೇ. ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಲ್ಲಿ ನಿಂತಿದ್ದ ವಿದ್ಯುತ್ ಕಾರು, ಚಾರ್ಜಿಗೂ ಹಾಕಿರದಿದ್ದಾಗ, ತಾನಾಗಿ ಹೊತ್ತಿಕೊಂಡಿತು. ಬೆಂಕಿ ಆರಿಸಲು ಸುಮಾರು ಎಂಟು ಗಂಟೆ ಹಿಡಿಯಿತು, ನೂರಾರು ಕಾರುಗಳು ಬೆಂಕಿಗೋ ಮಸಿಗೋ ತುತ್ತಾದವು. ತನಿಖೆಯಲ್ಲಿ ಹೊರಬಂದ ಒಂದು ಸಂಗತಿ ನಮ್ಮ ಸಂಘಗಳ ಪದಾಧಿಕಾರಿಗಳ ನಿದ್ದೆ ಕೆಡಿಸಬೇಕು: ಎಚ್ಚರಿಕೆಯ ಗಂಟೆ ಬಡಿದಾಗ ಪಾಳಿಯಲ್ಲಿದ್ದ ಸಿಬ್ಬಂದಿ ಸ್ಪ್ರಿಂಕ್ಲರ್ ವ್ಯವಸ್ಥೆಯನ್ನೇ ನಿಲ್ಲಿಸಿದ್ದರು. ನಮ್ಮ ಕಟ್ಟಡದ ಸ್ಪ್ರಿಂಕ್ಲರ್ ವಾಲ್ವ್ ಎಲ್ಲಿದೆ ಎಂದು ಸಭೆಯಲ್ಲಿ ಕೇಳಿದೆ. ಗೊತ್ತಿದ್ದವರು ಒಬ್ಬರೇ, ನಮ್ಮ ಪ್ಲಂಬರ್.

ಸಭೆ ಮುಗಿದ ಮೇಲೆ ನೆಲಮಾಳಿಗೆಗೆ ಇಳಿದು ನೋಡಿದೆ. ಮೂಲೆಯ ಕಂಬದ ಬಳಿ ಒಬ್ಬರು ನೆಲ ಒರೆಸುವ ಯಂತ್ರಕ್ಕೆಂದು ಹಾಕಿಸಿದ್ದ ಪ್ಲಗ್ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದುಕೊಂಡು ಕಾರು ಚಾರ್ಜಿಗೆ ಹಾಕಿದ್ದರು. ವೈರು ಕೈಗೆ ಬೆಚ್ಚಗೆ ಹತ್ತುತ್ತಿತ್ತು. ಸ್ವಿಚ್ ಆರಿಸಿ ಪ್ಲಗ್ ಕಿತ್ತಾಗ ಅದರ ಒಂದು ಕಾಲು ಕಪ್ಪಾಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಬೆಲ್ಲದ ಪಾಕದಂತೆ ಕಂದಾಗಿ ಉಬ್ಬಿತ್ತು. ಕಾರಿನ ಜೊತೆ ಬರುವ ಸಣ್ಣ ಚಾರ್ಜರ್ ಸುಮಾರು 3.3 ಕಿಲೋವ್ಯಾಟ್, ಅಂದರೆ 14–15 ಆಂಪಿಯರ್ ಎಳೆಯುತ್ತದೆ. ಗೀಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಎಳೆಯುವುದಾದರೂ ಅದು ಓಡುವುದು ಕಾಲು ಗಂಟೆ, ಇದು ರಾತ್ರಿಯಿಡೀ. ಎಲ್ಲೋ ಒಂದು ಸ್ಕ್ರೂ ಸಡಿಲವಿದ್ದರೆ ಕಾಲು ಗಂಟೆಯಲ್ಲಿ ಏನೂ ಆಗದ್ದು ಎಂಟು ಗಂಟೆಯಲ್ಲಿ ಆಗಬಹುದು. ಇದು ಬ್ಯಾಟರಿಯ ತಪ್ಪಲ್ಲ, ವೈರಿಂಗಿನದು. ಅಧಿಕೃತ ಪಾಯಿಂಟ್ ಕೊಡದೆ ಸುಮ್ಮನೆ ನಿಷೇಧಿಸಿದರೆ ಇಂಥ ಕದ್ದು ಎಳೆದ ವೈರುಗಳೇ ಹೆಚ್ಚುತ್ತವೆ.

ಸ್ಕೂಟರ್‌ಗಳ ವಿಷಯದಲ್ಲಿ ನಿಷೇಧ ಇನ್ನೂ ಅಪಾಯಕಾರಿ, ಏಕೆಂದರೆ ಜನ ಕಳಚಬಹುದಾದ ಬ್ಯಾಟರಿಯನ್ನು ಮನೆಯೊಳಕ್ಕೆ ತಂದು ಬಾಗಿಲ ಪಕ್ಕದಲ್ಲಿ ಚಾರ್ಜಿಗೆ ಇಟ್ಟು ಮಲಗುತ್ತಾರೆ. ಹೊತ್ತಿಕೊಂಡರೆ ಹೊರಗೆ ಓಡುವ ದಾರಿಯೇ ಬಂದ್. 2022ರ ಸರಣಿ ಅವಘಡಗಳ ನಂತರ ಕೇಂದ್ರ ಸರ್ಕಾರ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿದ್ದು ಒಳ್ಳೆಯದಾಯಿತು. ಆದರೆ ಅದಕ್ಕೂ ಮೊದಲು ಮಾರಾಟವಾದ ಸ್ಕೂಟರ್‌ಗಳು ಇನ್ನೂ ರಸ್ತೆಯಲ್ಲಿವೆ.

ಇನ್ನು ಪರಿಸರದ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ 15 ಕಿ.ಮೀ. ಓಡುವ ಕಾರು, ತೈಲ ತೆಗೆದು ಶುದ್ಧೀಕರಿಸುವ ಪಾಲನ್ನೂ ಸೇರಿಸಿದರೆ ಕಿಲೋಮೀಟರಿಗೆ 185 ಗ್ರಾಂ ಆಸುಪಾಸು ಉಗುಳುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಪ್ರಕಾರ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 0.72 ಕಿಲೋ ಹೊರಬೀಳುತ್ತದೆ. ಯೂನಿಟ್ಟಿಗೆ 6 ಕಿ.ಮೀ. ಓಡುವ ಕಾರಿಗೆ, ಪ್ರಸರಣದ ನಷ್ಟವನ್ನೂ ಹಿಡಿದರೆ, ಇದು ಕಿಲೋಮೀಟರಿಗೆ 135 ಗ್ರಾಂ ಆಯಿತು. ಉಳಿತಾಯ ಬರೀ 50 ಗ್ರಾಂ. 40 ಯೂನಿಟ್‌ನ ಬ್ಯಾಟರಿ ತಯಾರಿಕೆಯಲ್ಲೇ ಹೆಚ್ಚುಕಡಿಮೆ 3 ಟನ್ ಹೊರಬಿದ್ದಿರುತ್ತದೆ ಎಂದಿಟ್ಟುಕೊಂಡರೆ ಆ ಸಾಲ ತೀರಲು 60 ಸಾವಿರ ಕಿ.ಮೀ. ಓಡಬೇಕು. ವರ್ಷಕ್ಕೆ 10 ಸಾವಿರ ಓಡಿಸುವವರಿಗೆ ಆರು ವರ್ಷ! ನಗರದ ರಸ್ತೆಯಲ್ಲಿ ಹೊಗೆ ಇಲ್ಲವೆಂಬ ಲಾಭ ಮೊದಲ ದಿನದಿಂದಲೇ ಸಿಗುತ್ತದೆ, ನಿಜ. ಆದರೆ ಆ ಹೊಗೆ ಬೇರೊಬ್ಬರ ಊರಿನ ಚಿಮಣಿಗೆ ಹೋಗಿರುತ್ತದೆ.

ಅದೇ ಕಾರು ಮಧ್ಯಾಹ್ನ ಸೌರ ವಿದ್ಯುತ್ತಿನಿಂದ ಚಾರ್ಜ್ ಆದರೆ ಆರು ವರ್ಷದ ಸಾಲ ಎರಡು ವರ್ಷದೊಳಗೆ ತೀರುತ್ತದೆ. ಈ ವಿಷಯದಲ್ಲಿ ಕರ್ನಾಟಕ ಅದೃಷ್ಟವಂತ ರಾಜ್ಯ. ಪಾವಗಡದ ಸೌರ ಪಾರ್ಕ್ ಒಂದರದ್ದೇ ಸಾಮರ್ಥ್ಯ 2,050 ಮೆಗಾವ್ಯಾಟ್. ಸೂರ್ಯ ಮುಳುಗಿದ ಮೇಲೆ, ಶರಾವತಿಯ ನೀರು ಸಾಲದ ದಿನಗಳಲ್ಲಿ, ನಮ್ಮ ದೀಪ ಉರಿಯುವುದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನಿಂದ. ನಾವು ಹಗಲೆಲ್ಲ ಕಾರನ್ನು ಕಚೇರಿಯ ಅಂಗಳದಲ್ಲಿ ಸುಮ್ಮನೆ ನಿಲ್ಲಿಸಿ, ಎಲ್ಲರೂ ಮಲಗಿದ ಹೊತ್ತಿನಲ್ಲಿ, ಹೊಗೆ ಹೋಗಲು ದಾರಿಯಿಲ್ಲದ ನೆಲಮಾಳಿಗೆಯಲ್ಲಿ, ಕಲ್ಲಿದ್ದಲ ವಿದ್ಯುತ್ತಿನಿಂದ ಚಾರ್ಜ್ ಮಾಡುತ್ತಿದ್ದೇವೆ. ಬೆಂಕಿಗೂ ಪರಿಸರಕ್ಕೂ ಇದಕ್ಕಿಂತ ಕೆಟ್ಟ ಹೊತ್ತನ್ನೂ ಜಾಗವನ್ನೂ ಹುಡುಕಿದರೂ ಸಿಗದು. ಸೌರ ವಿದ್ಯುತ್ ಸಿಗುವ ಗಂಟೆಗಳಲ್ಲಿ ದರ ಕನಿಷ್ಠ ಶೇ 20ರಷ್ಟು ಕಡಿಮೆಯಿರಬೇಕೆಂದು ಕೇಂದ್ರ ಸರ್ಕಾರ 2023ರಲ್ಲೇ ನಿಯಮ ತಿದ್ದಿದೆ. ಅದರ ಲಾಭ ಕಾರಿನವರಿಗೂ ಮುಟ್ಟಬೇಕು.

ಬ್ಯಾಟರಿಯ ಆಯ್ಕೆಯಲ್ಲೂ ಒಂದು ಕೊಡು-ಕೊಳ್ಳುವಿಕೆ ಇದೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಗೆ ಬರುತ್ತಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, ನಿಕಲ್–ಕೋಬಾಲ್ಟ್ ಬ್ಯಾಟರಿಗಿಂತ ಹೆಚ್ಚು ಬಿಸಿ ತಡೆಯುತ್ತದೆ. ಕಾಂಗೋದ ಕೋಬಾಲ್ಟ್ ಗಣಿಗಳಲ್ಲಿ ಮಕ್ಕಳನ್ನು ದುಡಿಸುವ ಪಾಪವೂ ಅದಕ್ಕೆ ಅಂಟುವುದಿಲ್ಲ. ಆದರೆ ಅದರೊಳಗೆ ಬೆಲೆಬಾಳುವ ಲೋಹ ಕಡಿಮೆ ಇರುವುದರಿಂದ ಗುಜರಿಯವರಿಗೂ ಮರುಬಳಕೆಯವರಿಗೂ ಅದರ ಮೇಲೆ ಆಸೆ ಕಡಿಮೆ. ಮನೆಗೆ ಸುರಕ್ಷಿತವಾದದ್ದು ಕಡೆಗೆ ಅನಾಥವಾಗುವ ಭಯವಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆಯಾದರೂ ಹಳೆಯ ಬ್ಯಾಟರಿಯನ್ನು ಎಲ್ಲಿಗೆ ಕೊಡಬೇಕೆಂದು ಕಾರು ಕೊಳ್ಳುವಾಗ ನನಗಂತೂ ಯಾರೂ ಹೇಳಲಿಲ್ಲ. ಮಂಡ್ಯದ ಮರಳಗಾಲ–ಅಲ್ಲಾಪಟ್ಟಣ ಸುತ್ತಮುತ್ತ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಸಂಭ್ರಮಪಟ್ಟ ನಾವು, ಅಂದಾಜು 1,600 ಟನ್ನಿಗೆ ಇಳಿದದ್ದನ್ನು ಮರೆತಿದ್ದೇವೆ. ಬಳಸಿದ ಬ್ಯಾಟರಿಯೇ ಸದ್ಯಕ್ಕೆ ನಮ್ಮ ಗಣಿ.

ಕಚೇರಿ, ಕಾರ್ಖಾನೆ, ಕಾಲೇಜುಗಳ ಬಯಲು ನಿಲುಗಡೆ ಜಾಗದಲ್ಲಿ ಸೌರ ಫಲಕದ ನೆರಳಿನಡಿ ಹಗಲು ಚಾರ್ಜಿಂಗ್‌ಗೆ ಬೆಸ್ಕಾಂ ಮತ್ತು ಸರ್ಕಾರ ಒತ್ತು ಕೊಡಬೇಕು. ಕಲಬುರಗಿಯಂಥ ಊರಿನ ಬಿಸಿಲಿಗೆ ಆ ನೆರಳು ಬ್ಯಾಟರಿಗೂ ಬೇಕು. ಮನೆಯಲ್ಲೇ ಚಾರ್ಜ್ ಮಾಡಬೇಕಾದವರಿಗೆ ನೆಲಮಾಳಿಗೆಯ ಒಳಮೂಲೆಯ ಬದಲು ಹೊರಗೋಡೆಯ ಬಳಿ, ಪ್ರತ್ಯೇಕ ಕೇಬಲ್, ಎಂಸಿಬಿ (ಹೊರೆ ಮಿತಿಮೀರಿದರೆ ವಿದ್ಯುತ್ ಕಡಿಯುವ ಸ್ವಿಚ್), ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕಡಿಯುವ ಸ್ವಿಚ್), ಸರಿಯಾದ ಅರ್ತಿಂಗ್ ಇರುವ ಪಾಯಿಂಟುಗಳನ್ನು ಸಂಘಗಳೇ ಹಾಕಿಸಿಕೊಡಬೇಕು. ನಮ್ಮ ಸಂಘದ ಸಭೆ ಬರುವ ತಿಂಗಳು ಮತ್ತೆ ಸೇರಲಿದೆ. ಕಾಂಪೌಂಡ್ ಪಕ್ಕದಲ್ಲಿ ಆರು ಪಾಯಿಂಟ್ ಹಾಕಿಸುವ ಅಂದಾಜುಪಟ್ಟಿಯನ್ನು ನಾನೇ ಸಿದ್ಧಪಡಿಸಿ ಒಯ್ಯುತ್ತಿದ್ದೇನೆ. ಕಪ್ಪಾದ ಆ ಪ್ಲಗ್ಗನ್ನೂ.

ಇಂತಿ,
ನಿವೃತ್ತ ವಿದ್ಯುತ್ ಎಂಜಿನಿಯರ್
ಬೆಂಗಳೂರು