ಸಮುಯಿಯ ಕಾಂಡೋ ಬುಕಿಂಗ್ ನಿಲ್ಲಿಸುತ್ತಿದ್ದೇವೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯರೇ, ನಮಸ್ಕಾರ.

ಥಾಯ್ಲೆಂಡಿನ ಕೊ ಸಮುಯಿ ದ್ವೀಪದಲ್ಲಿ ಕಡಲ ದಂಡೆಯ ಕಾಂಡೋ ಮನೆಗಳನ್ನು, ಅಂದರೆ ಖಾಸಗಿ ಮಾಲೀಕರ ಅಪಾರ್ಟ್‌ಮೆಂಟ್ ಮನೆಗಳನ್ನು, ನಾಲ್ಕು ದಿನಕ್ಕೆ, ವಾರಕ್ಕೆ ಅಂತ ನಿಮಗೆ ಬುಕ್ ಮಾಡಿಕೊಡುತ್ತಿದ್ದೆವು. ಜೂನ್ 1ರಿಂದ ಅದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಅಲ್ಲಿನ ಸರ್ಕಾರದ ಹೋಟೆಲ್ ಪರವಾನಗಿ ಇರುವ ರೆಸಾರ್ಟ್‌ಗಳಲ್ಲಿ ಮಾತ್ರ ಜಾಗ ಹಿಡಿಯುತ್ತೇವೆ. ಕಾಂಡೋ ಬೇಕೇ ಬೇಕು ಅನ್ನುವವರು ಕನಿಷ್ಠ ಒಂದು ತಿಂಗಳು ಅಲ್ಲಿರಬೇಕು.

ಕಾರಣ ಪೂರ್ತಿ ಹೇಳಿಬಿಡುತ್ತೇವೆ. ನೀವು ನಮ್ಮನ್ನು ನಂಬಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವವರು.

ಕಳೆದ ಫೆಬ್ರವರಿಯಲ್ಲಿ ನಮ್ಮ ಮೂಲಕ ಒಂದು ಕುಟುಂಬ ಸಮುಯಿಗೆ ಹೋಗಿತ್ತು. ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ಅವರು ಕಾಂಡೋ ಗೇಟು ಮುಟ್ಟಿದಾಗ ಅಲ್ಲಿ ರಾತ್ರಿ ಹತ್ತೂವರೆ, ಬೆಂಗಳೂರಿನಲ್ಲಿ ಒಂಬತ್ತು. ಕಾವಲಿನವನು ಒಳಗೆ ಬಿಡಲಿಲ್ಲ. ಗೋಡೆಯ ಮೇಲಿದ್ದ ಬೋರ್ಡು ತೋರಿಸಿದ. 30 ದಿನಕ್ಕಿಂತ ಕಡಿಮೆ ಬಾಡಿಗೆಗೆ ಇಲ್ಲಿ ಅವಕಾಶವಿಲ್ಲ ಅಂತ ಥಾಯ್ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಮನೆ ಮಾಲೀಕರು ಫೋನ್ ಎತ್ತಲಿಲ್ಲ. ಆಮೇಲೆ ಅವರಿಂದ ಒಂದು ಮೆಸೇಜು ಬಂತು: ಯಾರಾದರೂ ಕೇಳಿದರೆ ನನ್ನ ಸ್ನೇಹಿತರು ಅನ್ನಿ.

ಆ ಸೊಸೆ ನಮಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಮಕ್ಕಳ ಎದುರಿಗೇ ಸುಳ್ಳು ಹೇಳಿ ಒಳಗೆ ಹೋಗಬೇಕಾ?" ಅವರು ಕಳಿಸಿದ ಫೋಟೋದಲ್ಲಿ ಅಜ್ಜಿ ಗೇಟಿನ ಟ್ಯೂಬ್‌ಲೈಟಿನ ಕೆಳಗೆ ಸೂಟ್‌ಕೇಸಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ನಿಪ್ಪಟ್ಟಿನ ಡಬ್ಬ. ಒಂದು ಗಂಟೆಯೊಳಗೆ ಹತ್ತಿರದ ರೆಸಾರ್ಟಿನಲ್ಲಿ ರೂಮು ಸಿಕ್ಕಿತು, ಅದರ ದುಡ್ಡನ್ನು ನಾವೇ ಕೊಟ್ಟೆವು. ಆದರೆ ಆ ಒಂದು ಗಂಟೆಯನ್ನು ನಾವು ವಾಪಸ್ ಕೊಡೋಕೆ ಆಗುವುದಿಲ್ಲ. ಆ ಕುಟುಂಬದ ಕ್ಷಮೆ ಆಗಲೇ ಕೇಳಿದ್ದೇವೆ. ಇಲ್ಲೂ ಕೇಳುತ್ತೇವೆ.

ತಪ್ಪು ನಮ್ಮದೇ. ನಾವು ಆ ಮನೆಗಳನ್ನು ಖುದ್ದಾಗಿ ನೋಡಿ ಬಂದಿದ್ದೆವು. ಹಾಸಿಗೆ ಒತ್ತಿ ನೋಡಿದ್ದೆವು, ಒಲೆ ಹಚ್ಚಿ ನೋಡಿದ್ದೆವು, ಬಾಗಿಲಿನಿಂದ ನೀರಿಗೆ ಎಷ್ಟು ಹೆಜ್ಜೆ ಅಂತ ಎಣಿಸಿದ್ದೆವು. ಪರವಾನಗಿ ಇದೆಯಾ ಅಂತ ಮಾತ್ರ ಕೇಳಿರಲಿಲ್ಲ.

ಥಾಯ್ಲೆಂಡಿನಲ್ಲಿ 2004ರ ಹೋಟೆಲ್ ಕಾಯ್ದೆ ಅಂತ ಒಂದಿದೆ. ದುಡ್ಡು ತೆಗೆದುಕೊಂಡು ತಿಂಗಳಿಗಿಂತ ಕಡಿಮೆ ದಿನಕ್ಕೆ ಜನರನ್ನು ಇರಿಸಿಕೊಂಡರೆ ಅದು ಹೋಟೆಲ್ ನಡೆಸಿದ ಲೆಕ್ಕ. ಅದಕ್ಕೆ ಪರವಾನಗಿ ಬೇಕು. ಕೆಲವೇ ರೂಮುಗಳ ಸಣ್ಣ ವಸತಿಗೆ ವಿನಾಯಿತಿ ಇದೆ, ಆದರೆ ಅವರೂ ಸರ್ಕಾರಕ್ಕೆ ತಿಳಿಸಿರಬೇಕು. ಪರವಾನಗಿ ಇಲ್ಲದೆ ನಡೆಸಿದವರಿಗೆ ಒಂದು ವರ್ಷದವರೆಗೆ ಜೈಲು, ಥಾಯ್ ಹಣದಲ್ಲಿ 20,000 ಬಾತ್‌ವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000 ಬಾತ್‌ವರೆಗೆ ಮತ್ತೆ ದಂಡ. ಈ ಶಿಕ್ಷೆ ಮಾಲೀಕರಿಗೆ, ಉಳಿಯಲು ಬಂದವರಿಗಲ್ಲ. ಆದರೂ ಗೇಟಿನಲ್ಲಿ ಲಗೇಜು ಹಿಡಿದು ನಿಲ್ಲುವವರು ನೀವೇ ಅಲ್ವಾ? ಇನ್ನೊಂದು ವಿಷಯ. ವಿದೇಶಿಯರು ಬಂದು ಉಳಿದರೆ 24 ಗಂಟೆಯೊಳಗೆ ಮನೆ ಮಾಲೀಕರು ವಲಸೆ ಕಚೇರಿಗೆ ತಿಳಿಸಬೇಕು. ಅದಕ್ಕೆ ಟಿಎಂ 30 ಅನ್ನುತ್ತಾರೆ. ಕದ್ದುಮುಚ್ಚಿ ಬಾಡಿಗೆಗೆ ಕೊಡುವವರು ಅದನ್ನು ಮಾಡಿರುತ್ತಾರೆ ಅಂತ ನಂಬುವುದು ಹೇಗೆ?

ಅಲ್ಲಿ ವರ್ಷವಿಡೀ ವಾಸ ಇರುವವರ ಕಡೆಯಿಂದಲೂ ಯೋಚಿಸಿದೆವು. ಪಕ್ಕದ ಮನೆಗೆ ಮೂರು ದಿನಕ್ಕೊಂದು ಹೊಸ ಗುಂಪು ಬಂದರೆ, ಲಿಫ್ಟಿನಲ್ಲಿ ದಿನಾ ಹೊಸ ಮುಖ ಕಂಡರೆ ನಮ್ಮ ಅಪಾರ್ಟ್‌ಮೆಂಟಿನವರು ಸುಮ್ನೆ ಇರುತ್ತಾರಾ? ಆ ಬೋರ್ಡು ಹಾಕಿದವರ ಮೇಲೆ ನಮಗೆ ಸಿಟ್ಟಿಲ್ಲ.

ನಿಮಗೆ ಕಾಂಡೋ ಯಾಕೆ ಇಷ್ಟ ಅನ್ನೋದು ಗೊತ್ತಿದೆ. ಅಡುಗೆಮನೆ. ಬೆಳಿಗ್ಗೆ ಕಡಲು ನೋಡುತ್ತಾ ಫಿಲ್ಟರ್ ಕಾಫಿ, ಮಧ್ಯಾಹ್ನ ಬಿಸಿ ಅನ್ನ, ಮನೆಯಿಂದ ತಂದ ಸಾರಿನ ಪುಡಿಯಲ್ಲಿ ಕುದಿಸಿದ ಸಾರು. ಸಮುಯಿ ಮೊದಲಿನಿಂದಲೂ ತೆಂಗಿನ ದ್ವೀಪ. ಅಲ್ಲಿನ ಸಂತೆಯಲ್ಲಿ ಕಾಯಿ ಕೊಟ್ಟರೆ ಎದುರಿಗೇ ಯಂತ್ರಕ್ಕೆ ಹಿಡಿದು ತುರಿದು ಕೊಡುತ್ತಾರೆ. ಬಿಳೀ ತುರಿ ಹಿಮದ ಹಾಗೆ ಬೇಸಿನ್ನಿಗೆ ಬೀಳುತ್ತೆ, ಕೈಗೆ ಬಂದಾಗ ಇನ್ನೂ ಹಸಿ ಹಸಿ. ಕೊತ್ತಂಬರಿ ಕಟ್ಟನ್ನು ಬೇರಿನ ಸಮೇತ ಮಾರುತ್ತಾರೆ, ಅವರ ಅಡುಗೆಗೆ ಆ ಬೇರೂ ಬೇಕು. ಇಷ್ಟಿದ್ದರೆ ನಮ್ಮವರಿಗೆ ಚಟ್ನಿಯಾಯಿತು. ಅಕ್ಕಿ ಮಾತ್ರ ಸೋನಾಮಸೂರಿ ಅಲ್ಲ, ಅಲ್ಲಿಯ ಮಲ್ಲಿಗೆ ಅಕ್ಕಿ. ನೀರು ಸ್ವಲ್ಪ ಕಡಿಮೆ ಇಡಿ, ಇಲ್ಲದಿದ್ದರೆ ಮುದ್ದೆಯಾಗುತ್ತದೆ.

ಈ ಸುಖ ತಪ್ಪಬಾರದು ಅಂತಲೇ ಮೂರು ತಿಂಗಳು ಹುಡುಕಿದೆವು. ಈಗ ದ್ವೀಪದ ಪಶ್ಚಿಮ ದಂಡೆಯಲ್ಲಿ, ಲಿಪಾ ನೋಯ್ ಮತ್ತು ತಾಲಿಂಗ್ ನ್ಗಾಮ್ ಕಡೆ, ಅಡುಗೆಮನೆ ಇರುವ ರೆಸಾರ್ಟ್‌ಗಳನ್ನು ಗೊತ್ತುಮಾಡಿಕೊಂಡಿದ್ದೇವೆ. ಪ್ರತಿಯೊಂದರ ಪರವಾನಗಿಯ ಪ್ರತಿ ನಮ್ಮ ಆಫೀಸಿನಲ್ಲಿದೆ, ಕೇಳಿದರೆ ತೋರಿಸುತ್ತೇವೆ. ಎಲ್ಲವೂ ತೆಂಗಿನ ಮರಗಳಿಗಿಂತ ತಗ್ಗಿನ ಕಟ್ಟಡಗಳು.

ಈ ದಂಡೆ ಪೂರ್ವದ ಚಾವೆಂಗ್ ದಂಡೆಯ ಥರ ಅಲ್ಲ. ಅಂಗಡಿ ಸಾಲು, ರಾತ್ರಿಯ ಗದ್ದಲ ಇಲ್ಲ. ಸಂಜೆ ಸೂರ್ಯ ನೀರಿಗೆ ಇಳಿಯುವುದು ಕಾಣುತ್ತದೆ. ವಿಮಾನ ನಿಲ್ದಾಣ ಈಶಾನ್ಯದ ತುದಿಯಲ್ಲಿದೆ, ಅಲ್ಲಿಂದ ಬರಲು ಕಾರಿನಲ್ಲಿ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಮೇನ್‌ಲ್ಯಾಂಡಿನ ಡಾನ್‌ಸಾಕ್‌ನಿಂದ ಫೆರ್ರಿಯಲ್ಲಿ ಬರುವವರಿಗೆ ಈ ದಂಡೆಯೇ ಹತ್ತಿರ. ನೀರು ಆಳ ಇಲ್ಲ, ಚಿಕ್ಕ ಮಕ್ಕಳಿಗೆ ಒಳ್ಳೆಯದು. ಆದರೆ ಇಳಿತದ ಹೊತ್ತಿನಲ್ಲಿ ಕಡಲು ತುಂಬಾ ಹಿಂದೆ ಸರಿಯುತ್ತದೆ, ಮೊಣಕಾಲು ಮುಳುಗಬೇಕಾದರೆ ಬಹಳ ದೂರ ನಡೆಯಬೇಕು. ಈಜುವ ಆಸೆಯಿಂದಲೇ ಹೋಗುವವರು ಮೊದಲೇ ಹೇಳಿ, ಬೇರೆ ದಂಡೆ ನೋಡೋಣ. ಸುತ್ತಾಡಲು ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವವರು ಇಲ್ಲಿಂದಲೇ ದ್ವಿಚಕ್ರ ವಾಹನಕ್ಕೂ ಸಲ್ಲುವ ಅಂತರರಾಷ್ಟ್ರೀಯ ಲೈಸೆನ್ಸ್ ಮಾಡಿಸಿಕೊಂಡು ಹೋಗಿ. ಅದಿಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ.

ಹೊರಗೆ ಊಟ ಮಾಡುವ ಸಸ್ಯಾಹಾರಿಗಳಿಗೆ ಒಂದು ಗುರುತು ಹೇಳುತ್ತೇವೆ. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರ, ನಮ್ಮ ಕಣ್ಣಿಗೆ 17 ಅಂತ ಬರೆದ ಹಾಗೆ ಕಾಣುತ್ತದೆ. ಅದು 'ಜೇ' ಊಟ. ಮಾಂಸ, ಮೀನು, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಹಿರಿಯರಿಗೆ ಇದಕ್ಕಿಂತ ಇನ್ನೇನು ಬೇಕು! ಸುಮ್ನೆ 'ವೆಜಿಟೇರಿಯನ್' ಅಂದರೆ ಸಾಲದು, ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ.

ದೀಪಾವಳಿ ರಜೆಗೆ ಸಮುಯಿ ಕೇಳುವವರು ಪ್ರತಿ ವರ್ಷ ಇರುತ್ತಾರೆ. ದಯವಿಟ್ಟು ಬೇಡ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಅಲ್ಲಿ ಮಳೆಗಾಲ, ನವೆಂಬರಿನಲ್ಲಿ ಅತಿ ಜಾಸ್ತಿ. ಫುಕೆಟ್‌ನಲ್ಲಿ ಮೇ ತಿಂಗಳಿಗೆ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮಳೆ ಮುಗಿಯುತ್ತಾ ಬರುತ್ತದೆ, ಸಮುಯಿಯಲ್ಲಿ ಆಗ ಶುರು. ಒಂದೇ ದೇಶ, ಎರಡು ಕಡಲು, ಎರಡು ಮಳೆ. ಫೆಬ್ರವರಿ, ಮಾರ್ಚ್ ಚೆನ್ನಾಗಿರುತ್ತದೆ. ಮಕ್ಕಳ ಬೇಸಿಗೆ ರಜೆಗೂ ಹೋಗಬಹುದು, ಸೆಕೆ ಜಾಸ್ತಿ ಅಷ್ಟೆ.

ಈಗ ದುಡ್ಡಿನ ಮಾತು. ಹೊಸ ಜಾಗಗಳ ಬಾಡಿಗೆ ಹಳೆಯದಕ್ಕಿಂತ ರಾತ್ರಿಗೆ ಸುಮಾರು 1,800 ರೂಪಾಯಿ ಜಾಸ್ತಿ ಬೀಳುತ್ತದೆ. ಇದರಲ್ಲಿ ನಮ್ಮ ಕಮಿಷನ್ ಒಂದು ರೂಪಾಯಿಯೂ ಏರಿಲ್ಲ. ಆಗಲೇ ಕಾಂಡೋಗೆ ಮುಂಗಡ ಕೊಟ್ಟವರಿಗೆ ಹೆಚ್ಚುವರಿ ಇಲ್ಲ. ಅದೇ ದುಡ್ಡಿಗೆ, ಅದೇ ತಾರೀಕಿಗೆ ರೆಸಾರ್ಟಿಗೆ ಬದಲಾಯಿಸಿಕೊಡುತ್ತೇವೆ, ವ್ಯತ್ಯಾಸ ನಮ್ಮದು. ಬೇಡ ಅಂದರೆ ಹತ್ತು ದಿನದಲ್ಲಿ ಪೂರ್ತಿ ಮುಂಗಡ ನಿಮ್ಮ ಖಾತೆಗೆ ವಾಪಸ್. ಕಾರಣ ಹೇಳಬೇಕಾಗಿಲ್ಲ.

ನಿವೃತ್ತರಾಗಿ ಒಂದು ತಿಂಗಳು ಆರಾಮಾಗಿ ಇದ್ದು ಬರೋಣ ಅನ್ನುವವರಿಗೆ ಕಾಂಡೋ ಈಗಲೂ ಇದೆ. ಬಾಡಿಗೆ ಕರಾರು ನಿಮ್ಮ ಹೆಸರಿನಲ್ಲೇ ಆಗುತ್ತದೆ, ಡೆಪಾಸಿಟ್ ಇರುತ್ತದೆ, ಕರೆಂಟಿಗೆ ಮೀಟರ್ ನೋಡಿ ಕಟ್ಟಬೇಕು. ಎಸಿ ಹಗಲೂ ರಾತ್ರಿ ಓಡಿಸಿದರೆ ಬಿಲ್ಲು ಚುರುಕು ಮುಟ್ಟಿಸುತ್ತದೆ.

ಎಲ್ಲರಿಗೂ ಅನ್ವಯಿಸುವ ಇನ್ನೊಂದು ವಿಷಯ. 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವವರು ಆನ್‌ಲೈನ್‌ನಲ್ಲಿ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಇಳಿಯುವ ದಿನಕ್ಕೆ ಮೊದಲಿನ ಮೂರು ದಿನದೊಳಗೆ ತುಂಬುವುದು, ದುಡ್ಡು ಕೊಡಬೇಕಾಗಿಲ್ಲ. ಶುಲ್ಕ ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ. ಅದರಲ್ಲಿ ಉಳಿಯುವ ಜಾಗದ ವಿಳಾಸ ಬರೆಯಬೇಕು, ಹಾಗಾಗಿ ಹಳೆಯ ಕಾಂಡೋ ವಿಳಾಸ ಬರೆಯಬೇಡಿ. ಹೊಸದನ್ನು ನಾವು ಕಳಿಸುತ್ತೇವೆ. ವೀಸಾ ನಿಯಮ ಆಗಾಗ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮೊದಲು ನಮ್ಮನ್ನೊಮ್ಮೆ ಕೇಳಿ.

ಬುಕಿಂಗ್ ಇರುವ ಪ್ರತಿಯೊಬ್ಬರಿಗೂ ಈ ವಾರ ನಾವೇ ಫೋನ್ ಮಾಡುತ್ತೇವೆ. ಶನಿವಾರದೊಳಗೆ ಕರೆ ಬರದಿದ್ದರೆ ಆಫೀಸಿಗೆ ಬನ್ನಿ, ಭಾನುವಾರವೂ ಮಧ್ಯಾಹ್ನದವರೆಗೆ ತೆಗೆದಿಟ್ಟಿರುತ್ತೇವೆ.

ನಿಮ್ಮ ವಿಶ್ವಾಸಿಗಳು,
ಪ್ರವಾಸ ವಿಭಾಗದ ಎಲ್ಲರೂ