ಚಕ್ಕುಬಂದಿ ಬರೆಯದ ಸ್ವಾಯತ್ತತೆ

ಮಾನ್ಯ ಸಂಪಾದಕರೇ,

‘ಇಂದು ಸ್ವಾಯತ್ತತೆ ಕೊಟ್ಟರೆ ನಾಳೆ ಪ್ರತ್ಯೇಕ ದೇಶ ಕೇಳುತ್ತಾರೆ’ ಎಂಬ ವಾದ ಆಗಾಗ ತಲೆ ಎತ್ತುತ್ತದೆ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಈಗ ಅಸ್ಸಾಮಿನ ಎಷ್ಟೋ ಸಂಸಾರಗಳಿವೆ. ಅವರ ರಾಜ್ಯದ ಬೋಡೋ ಬುಡಕಟ್ಟಿನ ಸೀಮೆಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ಕೆಟ್ಟಿದ್ದು ಅಧಿಕಾರ ಕೊಟ್ಟಿದ್ದರಿಂದಲ್ಲ, ಅರೆಬರೆ ಕೊಟ್ಟಿದ್ದರಿಂದ.

ಸರ್ಕಾರ ಮತ್ತು ಬೋಡೋ ಮುಖಂಡರ ನಡುವಿನ 1993ರ ಒಪ್ಪಂದದಿಂದ ಬೋಡೋಲ್ಯಾಂಡ್ ಸ್ವಾಯತ್ತ ಮಂಡಳಿಯೇನೋ ಬಂತು. ಆದರೆ ಆ ಪತ್ರ ಚಕ್ಕುಬಂದಿ ಬರೆಯದ ಕ್ರಯಪತ್ರದಂತಿತ್ತು. ಬುಡಕಟ್ಟು ಜನ ಶೇ 50 ಅಥವಾ ಅದಕ್ಕಿಂತ ಹೆಚ್ಚಿರುವ ಹಳ್ಳಿಗಳು ಮಂಡಳಿಗೆ ಸೇರುತ್ತವೆ ಎಂದರು, ಯಾವ ಹಳ್ಳಿಗಳೆಂಬುದನ್ನು ಮುಂದಕ್ಕೆ ತಳ್ಳಿದರು. ತಲೆ ಎಣಿಕೆಯೇ ಗಡಿಕಲ್ಲಾದ ಮೇಲೆ ಕೇಳಬೇಕೇ? ನೆರೆಯವರನ್ನು ಓಡಿಸಿದರೆ ಹಳ್ಳಿ ತಮ್ಮದಾಗುತ್ತದೆಂದು ಬಂದೂಕು ಹಿಡಿದವರು ಲೆಕ್ಕ ಹಾಕಿದರು. 1994ರಲ್ಲಿ ಮುಸ್ಲಿಮರು, 1996ರಲ್ಲಿ ಸಂತಾಲರು ಮನೆಮಠ ಬಿಟ್ಟು ಪರಿಹಾರ ಶಿಬಿರ ಸೇರಬೇಕಾಯಿತು. ಆ ಮಂಡಳಿಗೆ ಒಮ್ಮೆಯೂ ಚುನಾವಣೆ ನಡೆಯಲಿಲ್ಲ.

2003ರಲ್ಲಿ ತಪ್ಪು ತಿದ್ದಿಕೊಂಡರು. ಬುಡಕಟ್ಟು ಸೀಮೆಗಳಿಗೆ ಸ್ವಾಯತ್ತ ಮಂಡಳಿ ಕೊಡುವ ಸಂವಿಧಾನದ ಆರನೇ ಪರಿಚ್ಛೇದದಡಿ ಹೊಸ ಮಂಡಳಿ ಬಂತು. 3,082 ಹಳ್ಳಿಗಳನ್ನು ಗುರುತಿಸಿ, 40 ವಿಷಯಗಳನ್ನು ಅದಕ್ಕೆ ಒಪ್ಪಿಸಿದರು. ಆ ಡಿಸೆಂಬರ್‌ನಲ್ಲೇ ಸಶಸ್ತ್ರ ಸಂಘಟನೆ ಬೋಡೋ ಲಿಬರೇಷನ್ ಟೈಗರ್ಸ್‌ನ 2,641 ಮಂದಿ ಶಸ್ತ್ರ ಕೆಳಗಿಟ್ಟರು. ಆದರೂ ಒಂದು ಬಿರುಕು ಉಳಿಯಿತು. ಬೋಡೋಯೇತರರೇ ಹೆಚ್ಚಿರುವ ಸೀಮೆಯಲ್ಲಿ 46 ಸ್ಥಾನಗಳ ಪೈಕಿ 30 ಪರಿಶಿಷ್ಟ ಪಂಗಡಕ್ಕೆ ಮೀಸಲು. ಭೂಮಿ ಮತ್ತು ಮತದ ಈ ಅಸಮಾಧಾನಕ್ಕೆ 2012ರಲ್ಲಿ ಬೆಂಕಿ ಬಿದ್ದಾಗ ನಿರಾಶ್ರಿತರಾದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಸ್ವಾಯತ್ತ ಸೀಮೆಯೊಳಗಿನ ಅಧಿಕಾರದಲ್ಲಿ ಕಡಿಮೆ ಪಾಲು ಸಿಕ್ಕವರಿಗೆ ಏನು ಭದ್ರತೆ ಎಂಬುದನ್ನು ಒಪ್ಪಂದದಲ್ಲೇ ಬರೆಯಬೇಕು, ಗಲಭೆಯಾದ ಮೇಲಲ್ಲ.

ಮಿಜೋರಾಂ ನೋಡಿ. 1966ರಲ್ಲಿ ದಂಗೆ ಎದ್ದ ಮಿಜೋ ನ್ಯಾಷನಲ್ ಫ್ರಂಟ್ 1986ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಅದರ ನಾಯಕ ಲಾಲ್‌ಡೆಂಗಾ ಅವರೇ ಮುಖ್ಯಮಂತ್ರಿಯಾದರು. ಸಂವಿಧಾನದ 371ಜಿ ವಿಧಿಯಂತೆ ಅಲ್ಲಿನ ಭೂಮಿಯ ಒಡೆತನ, ಪರಭಾರೆ, ಮಿಜೋ ಕಟ್ಟಳೆಗಳ ಕುರಿತ ಸಂಸತ್ತಿನ ಕಾಯ್ದೆ ಆ ರಾಜ್ಯದ ವಿಧಾನಸಭೆ ಒಪ್ಪದೆ ಜಾರಿಯಾಗುವುದಿಲ್ಲ. ಕಾಡಿನಿಂದ ಬಂದವರಿಗೆ ಮತಪೆಟ್ಟಿಗೆಯಲ್ಲಿ ನಿಜವಾದ ಅಧಿಕಾರ ಸಿಕ್ಕಿತು, ಬಂದೂಕಿಗೆ ಕೆಲಸ ಉಳಿಯಲಿಲ್ಲ.

ಇನ್ನು ದುಡ್ಡಿನ ಮಾತು. ಆರನೇ ಪರಿಚ್ಛೇದದ ಮಂಡಳಿಗಳು ಇಂದಿಗೂ ಬಹುಪಾಲು ಅನುದಾನದ ಕಂತಿಗೆ ರಾಜ್ಯದ ಮುಂದೆ ಕೈಯೊಡ್ಡಬೇಕು. ಇವುಗಳ ಹಣಕಾಸಿನ ಬಲ ಹೆಚ್ಚಿಸುವ 125ನೇ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾಗಿದ್ದು 2019ರಲ್ಲಿ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಸಂಸದರು ಅದರ ಅಂಗೀಕಾರಕ್ಕೆ ಸದನದಲ್ಲಿ ಒತ್ತಾಯಿಸಲಿ.

– ಓದುಗರು, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ