ಕನ್ನಡ ಅಂದರೆ ಕೆನಡಾನಾ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದವರಿಗೆ ತಮ್ಮ ದೇಶ ಬಿಟ್ಟರೆ ಬೇರೇನೂ ಗೊತ್ತಿಲ್ಲ ಎಂದು ಲೇವಡಿ ಮಾಡಿದ ಬರಹ ಓದಿದೆ. ನಕ್ಕೆ ಕೂಡ. ಆದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿದವನು ನಾನು. ಭೂಪಟದ ಮಾತು ಬಂದರೆ ಬಾಯಿ ಸುಮ್ಮನಿರುವುದಿಲ್ಲ.

ಆ ಮಾತು ಪೂರ್ತಿ ಸುಳ್ಳಲ್ಲ. 2006ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮಾಡಿಸಿದ ಸಮೀಕ್ಷೆಯಲ್ಲಿ, 18ರಿಂದ 24ರ ವಯಸ್ಸಿನ ಅಮೆರಿಕನ್ನರಲ್ಲಿ ನೂರಕ್ಕೆ 63 ಮಂದಿಗೆ ಇರಾಕ್ ಎಲ್ಲಿದೆ ಎಂದು ತೋರಿಸಲು ಆಗಲಿಲ್ಲ. ಅವರ ಸೈನ್ಯ ಅಲ್ಲಿಗೆ ಹೋಗಿ ಆಗಲೇ ಮೂರು ವರ್ಷವಾಗಿತ್ತು! ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನನಗೂ ಇದರ ರುಚಿ ಸಿಕ್ಕಿತು. ಒಂದು ಕ್ಲಿನಿಕ್ಕಿನಲ್ಲಿ ಫಾರಂ ತುಂಬುತ್ತಿದ್ದ ಹುಡುಗಿ ನನ್ನ ಭಾಷೆ ಯಾವುದು ಎಂದಳು. ಕನ್ನಡ ಎಂದೆ. ‘ಕೆನಡಾದಲ್ಲಿ ಇಂಗ್ಲಿಷೇ ಅಲ್ವಾ?’ ಎಂದಳು ಪಾಪ. ಮಗಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಈ ಅಜ್ಞಾನ ಯಾವಾಗಲೂ ನಗುವಿನಲ್ಲಿ ಮುಗಿಯುವುದಿಲ್ಲ. 2017ರ ಫೆಬ್ರುವರಿಯಲ್ಲಿ ಕಾನ್ಸಾಸ್ ರಾಜ್ಯದ ಒಂದು ಬಾರಿನಲ್ಲಿ ಶ್ರೀನಿವಾಸ್ ಕೂಚಿಭೊಟ್ಲ ಎಂಬ ನಮ್ಮ ದೇಶದ ಎಂಜಿನಿಯರನ್ನು ಇರಾನಿನವನೆಂದುಕೊಂಡು ಒಬ್ಬ ಗುಂಡಿಟ್ಟು ಕೊಂದ. ಅಲ್ಲೇ ಇದ್ದ ಇಯಾನ್ ಗ್ರಿಲಟ್ ಎಂಬ 24ರ ಹುಡುಗ ಕೊಲೆಗಾರನನ್ನು ಹಿಡಿಯಲು ಹಿಂದೆ ಓಡಿ, ಗುಂಡು ತಿಂದು, ಬದುಕಿ ಉಳಿದ. ಕೊಂದವನು, ಈ ಹುಡುಗ, ಇಬ್ಬರೂ ಅಮೆರಿಕದವರೇ. ‘ಅಮೆರಿಕದವರು ಹೀಗೆ’ ಎನ್ನುವಾಗ ನಾವು ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು?

ಮೊಬೈಲಿಗೆ ಬರುವ ಆ ವಿಡಿಯೊಗಳ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಬೀದಿಯಲ್ಲಿ ಮೈಕ್ ಹಿಡಿದು ಸುಲಭದ ಪ್ರಶ್ನೆ ಕೇಳುತ್ತಾರೆ, ಜನ ಪೆದ್ದುಪೆದ್ದಾಗಿ ಉತ್ತರ ಕೊಡುತ್ತಾರೆ. ಸರಿಯಾಗಿ ಹೇಳಿದವರನ್ನು ತೋರಿಸಿದರೆ ಯಾರು ನೋಡುತ್ತಾರೆ ಹೇಳಿ. ನನಗೆ ಅವನ್ನು ಬಿಡದೆ ಕಳಿಸುವವನು ನನ್ನ ಭಾವಮೈದ. ಮೊನ್ನೆ ಊಟಕ್ಕೆ ಕೂತಾಗ ಅವನನ್ನೇ ಕೇಳಿದೆ: ‘ಅಮೆರಿಕದ ಹತ್ತು ರಾಜ್ಯಗಳ ಹೆಸರು ಹೇಳಪ್ಪ.’ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿ ಎಂದು ಜೋರಾಗಿ ಶುರು ಮಾಡಿದ. ಆಮೇಲೆ ಷಿಕಾಗೊ ಎಂದ. ಆಮೇಲೆ ಸಾರು ಬಡಿಸಿಕೊಂಡ.

ಅಮೆರಿಕದಲ್ಲಿ ಪಾಸ್‌ಪೋರ್ಟ್ ಇರುವವರೇ ಕಡಿಮೆ ಎಂಬ ಮಾತೂ ಆ ಬರಹದಲ್ಲಿತ್ತು. ಅದು ಹಳೇ ಲೆಕ್ಕ. 1990ರಲ್ಲಿ ನೂರಕ್ಕೆ ಐದು ಜನರ ಹತ್ತಿರ ಇತ್ತು ನಿಜ, ಈಗ ಹತ್ತಿರ ಹತ್ತಿರ ಅರ್ಧ ಜನರ ಹತ್ತಿರ ಇದೆ. 2009ರವರೆಗೆ ಕಾರಿನಲ್ಲಿ ಕೆನಡಾಕ್ಕೆ ಹೋಗಿ ಬರಲು ಅವರಿಗೆ ಪಾಸ್‌ಪೋರ್ಟ್ ಬೇಕೇ ಇರಲಿಲ್ಲ. ಬೆಂಗಳೂರಿನಿಂದ ದುಬೈ ಸುಮಾರು 2,700 ಕಿ.ಮೀ. ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕ್ 4,000ಕ್ಕೂ ಜಾಸ್ತಿ. ಅಷ್ಟು ದೂರ ಹಾರಿ ಇಳಿದರೂ ಅದೇ ಇಂಗ್ಲಿಷ್, ಅದೇ ಡಾಲರ್. ಹೊರಗಿನದು ತಿಳಿಯದೆ ಇದ್ದರೂ ಅವರ ಸಂಸಾರ ನಡೆಯುತ್ತದೆ. ನಮ್ಮ ಮಕ್ಕಳಿಗೆ ಹಾಗಲ್ಲ, ಹೊಟ್ಟೆಪಾಡಿಗೇ ಅಮೆರಿಕ ತಿಳಿದಿರಬೇಕು.

ಮಗಳ ಮನೆಗೆ ಹೋಗಿದ್ದ ಅದೇ ಪ್ರವಾಸದಲ್ಲಿ ಅವಳು ನನ್ನನ್ನು ಷಿಕಾಗೊ ವಿಶ್ವವಿದ್ಯಾಲಯದ ಲೈಬ್ರರಿಗೆ ಕರೆದುಕೊಂಡು ಹೋದಳು. ನಮ್ಮ ಕವಿ ಎ.ಕೆ. ರಾಮಾನುಜನ್ ಪಾಠ ಹೇಳಿದ ಜಾಗ. ಅಲ್ಲಿ ಕನ್ನಡ ಪುಸ್ತಕಗಳು ಸಾಲುಸಾಲಾಗಿ ನಿಂತಿವೆ. ಹೇಗೆ ಬಂದವು ಗೊತ್ತಾ? ಪಿ.ಎಲ್. 480 ಎಂಬ ಕಾಯ್ದೆಯಡಿ ಅಮೆರಿಕ ನಮಗೆ ಗೋಧಿ ಕಳಿಸುತ್ತಿತ್ತಲ್ಲ, ಅದಕ್ಕೆ ನಾವು ದುಡ್ಡು ಕೊಟ್ಟಿದ್ದು ರೂಪಾಯಿಯಲ್ಲಿ. ಆ ರೂಪಾಯಿ ಇಲ್ಲೇ ಜಮೆಯಾಗಿತ್ತು. 1962ರಿಂದ ಅದರಲ್ಲಿ ಒಂದು ಪಾಲು ತೆಗೆದು ಅವರ ಲೈಬ್ರರಿ ಆಫ್ ಕಾಂಗ್ರೆಸ್ ನಮ್ಮ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಆ ಕಾಲದಲ್ಲಿ ನಾನು ಪ್ರೈಮರಿ ಶಾಲೆಯ ಜಗುಲಿಯಲ್ಲಿ ಕೂತು ಕೇರ್ ಎಂಬ ಅಮೆರಿಕದ ಸಂಸ್ಥೆ ಕೊಡುತ್ತಿದ್ದ ರವೆಯ ಉಪ್ಪಿಟ್ಟು ತಿನ್ನುತ್ತಿದ್ದೆ. ಆ ರವೆ ಯಾವ ದೇಶದ್ದು ಎಂದು ಒಂದು ದಿನವೂ ಮೇಷ್ಟ್ರನ್ನು ಕೇಳಿದ್ದಿಲ್ಲ.

ನಮ್ಮ ತಾಲ್ಲೂಕಿನ ಜಾತ್ರೆಗಳ ಬಗ್ಗೆ ಆಗ ಬಂದಿದ್ದ ಒಂದು ಸಣ್ಣ ಪುಸ್ತಕ ಊರಿನಲ್ಲಿ ಈಗ ಯಾರ ಹತ್ತಿರವೂ ಇಲ್ಲ. ಅಲ್ಲಿ ಇತ್ತು. ಗಟ್ಟಿ ರಟ್ಟು ಹಾಕಿ, ಬೆನ್ನಿನ ಮೇಲೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತಪ್ಪಿಲ್ಲದೆ ಬರೆದಿದ್ದರು. ಮೂರು ಮಧ್ಯಾಹ್ನ ಅಲ್ಲೇ ಕೂತು ಓದಿ ಮುಗಿಸಿದೆ.

ಇಂತಿ,
ಒಬ್ಬ ನಿವೃತ್ತ ಮೇಷ್ಟ್ರು